ಎಚ್‌ಬೇಸ್: ದೊಡ್ಡ ಟೇಬಲ್‌ನ ಪೂರ್ಣ ಸ್ಕ್ಯಾನ್ ನಡುವೆಯೇ ನಿಲ್ಲುತ್ತಿದೆ, ಟೈಮ್‌ಔಟ್ ಹೆಚ್ಚಿಸಿದರೂ ಸರಿಹೋಗುತ್ತಿಲ್ಲ

ಸಾಲುಸರಣಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಎಚ್‌ಬೇಸ್ (ಹಲವು ಸರ್ವರ್‌ಗಳಲ್ಲಿ ಹರಡಿರುವ ಡೇಟಾಬೇಸ್) 1.1 ಸರಣಿಯ ಆರಂಭದ ಆವೃತ್ತಿಯೊಂದು ಓಡುತ್ತಿದೆ. ಅದರಲ್ಲಿನ ಒಂದು ಟೇಬಲ್ ಈಗ ನೂರಾರು ರೀಜನ್‌ಗಳಷ್ಟು (ಕೀಗಳ ಕ್ರಮದಲ್ಲಿ ಟೇಬಲ್ ಒಡೆದ ತುಂಡುಗಳು) ಬೆಳೆದಿದ್ದು, ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವ ಎರಡು ಜಾವಾ ಪ್ರೋಗ್ರಾಂಗಳು ಬೇರೆ ಬೇರೆ ರೀತಿಯಲ್ಲಿ ವಿಫಲವಾಗುತ್ತಿವೆ. ಎರಡಕ್ಕೂ ಕಾರಣ ಒಂದೇ ಇರಬಹುದೆಂಬ ಊಹೆಯಿಂದ ಒಟ್ಟಿಗೇ ಕೇಳುತ್ತಿದ್ದೇನೆ.

ಮೊದಲನೆಯದು ಒಂದೊಂದೇ ಸಾಲನ್ನು ಓದಿ, ಪ್ರತಿ ಸಾಲಿಗೂ ಬೇರೊಂದು ಸೇವೆಯನ್ನು ಕರೆದು ಹೆಚ್ಚುವರಿ ಮಾಹಿತಿ ಪಡೆದು, ಫಲಿತಾಂಶವನ್ನು ಫೈಲ್‌ಗೆ ಬರೆಯುತ್ತದೆ. ಅದು ಸ್ವಲ್ಪ ಹೊತ್ತು ಓಡಿದ ಮೇಲೆ ಸ್ಕ್ಯಾನರ್‌ಟೈಮ್‌ಔಟ್‌ಎಕ್ಸೆಪ್ಶನ್ ಕೊಟ್ಟು ನಿಲ್ಲುತ್ತಿತ್ತು; ಹಿಂದಿನ ಕರೆಯಾದ ಮೇಲೆ ಇಷ್ಟು ಮಿಲಿಸೆಕೆಂಡ್ ಕಳೆದಿದೆ, ಈಗಿನ ಮಿತಿ 60000 ಎಂಬುದು ಸಂದೇಶದ ಸಾರಾಂಶ. ಹಾಗಾಗಿ ಪ್ರೋಗ್ರಾಂನ ಕಾನ್ಫಿಗರೇಶನ್‌ನಲ್ಲಿ ಎಚ್‌ಬೇಸ್.ಕ್ಲೈಂಟ್.ಸ್ಕ್ಯಾನರ್.ಟೈಮ್‌ಔಟ್.ಪೀರಿಯಡ್ ಅನ್ನು 600000ಕ್ಕೆ ಏರಿಸಿದೆವು. ಎಕ್ಸೆಪ್ಶನ್ ಮರೆಯಾಯಿತು. ಆದರೆ ಈಗ ರೀಜನ್‌ಗಳನ್ನು ನೋಡಿಕೊಳ್ಳುವ ರೀಜನ್ ಸರ್ವರ್‌ಗಳ ಲಾಗ್‌ನಲ್ಲಿ ಇಂಥ ಸ್ಕ್ಯಾನರ್‌ನ ಲೀಸ್ (ಬಳಕೆಯ ಅವಧಿ) ಮುಗಿದಿದೆ ಎಂಬ ಸಾಲುಗಳು ತುಂಬಿಕೊಳ್ಳುತ್ತಿವೆ. ಹತ್ತು ನಿಮಿಷ ಎಂದು ಹೇಳಿದ ಮೇಲೂ ಲೀಸ್ ಏಕೆ ಮುಗಿಯುತ್ತದೆ, ಅದಕ್ಕಿಂತ ಮುಖ್ಯವಾಗಿ, ಸಾಲುಗಳು ಬಿಟ್ಟುಹೋಗುತ್ತಿವೆಯೇ ಎಂಬುದು ನನ್ನ ಆತಂಕ.

ಎರಡನೆಯದು ಹಳೆಯ ವರದಿ ಪ್ರೋಗ್ರಾಂ. ಇದು ಒಂದು ಕಾಲಂನ ಮೌಲ್ಯವನ್ನು ಸಿಂಗಲ್‌ಕಾಲಂವ್ಯಾಲ್ಯೂಫಿಲ್ಟರ್ ಮೂಲಕ ಹೋಲಿಸಿ, ಇಡೀ ಟೇಬಲ್‌ನಿಂದ ಕೆಲವೇ ಸಾವಿರ ಸಾಲುಗಳನ್ನು ಆರಿಸುತ್ತದೆ. ಆರಿಸಿದ ಸಾಲುಗಳ ಮೇಲೆ ಹೇಳಿಕೊಳ್ಳುವಂಥ ಕೆಲಸವೇನೂ ಇಲ್ಲ. ಆದರೂ ಇದು ಔಟ್‌ಆಫ್‌ಆರ್ಡರ್‌ಸ್ಕ್ಯಾನರ್‌ನೆಕ್ಸ್ಟ್‌ಎಕ್ಸೆಪ್ಶನ್ ಎಂದು ಬೀಳುತ್ತದೆ. ಸರ್ವರ್ ನಿರೀಕ್ಷಿಸಿದ ಕರೆಯ ಕ್ರಮಸಂಖ್ಯೆ 1, ಕ್ಲೈಂಟ್ ಕಳುಹಿಸಿದ್ದು 0 ಎಂದು ಅದರಲ್ಲಿ ಬರೆದಿರುತ್ತದೆ. ಇಲ್ಲಿಯೂ ಟೈಮ್‌ಔಟ್ ಏರಿಸಿ ನೋಡಿದೆವು. ಪ್ರೋಗ್ರಾಂ ಹೆಚ್ಚು ಹೊತ್ತು ಓಡುತ್ತದೆ, ಆಮೇಲೆ ಹಾಗೆಯೇ ಬೀಳುತ್ತದೆ.

ಯಾವ ಸೆಟ್ಟಿಂಗ್ ಅನ್ನು ಎಲ್ಲಿ, ಎಷ್ಟಕ್ಕೆ ಇಡಬೇಕೆಂದು ತಿಳಿದವರು ದಯವಿಟ್ಟು ತಿಳಿಸಿ.

ಕಡತಪಾಲಕ:

ಸಾಲುಸರಣಿಯವರೇ, ನಿಮ್ಮ ಎರಡು ಪ್ರೋಗ್ರಾಂಗಳಿಗೂ ಕಾರಣ ಒಂದೇ ಅಲ್ಲ. ಒಂದರಲ್ಲಿ ಸಮಯ ಕಳೆಯುತ್ತಿರುವುದು ಎರಡು ನೆಕ್ಸ್ಟ್ ಕರೆಗಳ (ಮುಂದಿನ ಸಾಲುಗಳನ್ನು ಕೇಳುವ ಕರೆಗಳ) ನಡುವೆ, ಅಂದರೆ ನಿಮ್ಮದೇ ಕೋಡ್‌ನಲ್ಲಿ. ಇನ್ನೊಂದರಲ್ಲಿ ಸಮಯ ಕಳೆಯುತ್ತಿರುವುದು ಒಂದೇ ನೆಕ್ಸ್ಟ್ ಕರೆಯ ಒಳಗೆ, ಅಂದರೆ ಸರ್ವರ್‌ನಲ್ಲಿ. ಸ್ಕ್ಯಾನ್ ಟೈಮ್‌ಔಟ್‌ನ ಯಾವ ದೂರು ಬಂದರೂ ಮೊದಲು ಬಿಡಿಸಿಕೊಳ್ಳಬೇಕಾದದ್ದು ಈ ಭೇದವನ್ನು. ಅದು ತಿಳಿಯುವ ಮೊದಲು ಯಾವ ಸಂಖ್ಯೆಯನ್ನೂ ಮುಟ್ಟಬಾರದೆಂಬುದು ನನ್ನ ದೃಢ ಅಭಿಪ್ರಾಯ. ಈಗ ಮೊದಲನೆಯ ಪ್ರೋಗ್ರಾಂ ಬಗ್ಗೆ ಬರೆಯುತ್ತೇನೆ.

ಸ್ಕ್ಯಾನ್ ಆರಂಭವಾದಾಗ ರೀಜನ್ ಸರ್ವರ್ ತನ್ನಲ್ಲಿ ಒಂದು ಸ್ಕ್ಯಾನರ್ ತೆರೆದು, ಅದಕ್ಕೊಂದು ಲೀಸ್ ಕೊಡುತ್ತದೆ. ಕ್ಲೈಂಟ್ ಮುಂದಿನ ಕಂತನ್ನು ಕೇಳಿದಾಗಲೆಲ್ಲ ಆ ಲೀಸ್ ಹೊಸದಾಗುತ್ತದೆ. ನಿಗದಿತ ಅವಧಿಯೊಳಗೆ ಯಾರೂ ಕೇಳದಿದ್ದರೆ, ಕ್ಲೈಂಟ್ ಸತ್ತಿದೆಯೆಂದು ಭಾವಿಸಿ ಸರ್ವರ್ ಸ್ಕ್ಯಾನರ್ ಅನ್ನು ಮುಚ್ಚಿಬಿಡುತ್ತದೆ. ಈ ಅವಧಿಯನ್ನು ನಿರ್ಧರಿಸುವುದು ನೀವು ಹೆಸರಿಸಿದ ಅದೇ ಸೆಟ್ಟಿಂಗ್. ಮೂಲ ಮೌಲ್ಯ 60000 ಮಿಲಿಸೆಕೆಂಡ್, ಅಂದರೆ ಒಂದು ನಿಮಿಷ. ಹೆಸರಿನಲ್ಲಿ ಕ್ಲೈಂಟ್ ಎಂದಿದ್ದರೂ ಇದನ್ನು ಕ್ಲೈಂಟ್ ಮತ್ತು ರೀಜನ್ ಸರ್ವರ್ ಎರಡೂ ತಮ್ಮ ತಮ್ಮ ಕಾನ್ಫಿಗರೇಶನ್‌ನಿಂದ ಪ್ರತ್ಯೇಕವಾಗಿ ಓದಿಕೊಳ್ಳುತ್ತವೆ. ಗೊಂದಲವೆಲ್ಲ ಹುಟ್ಟುವುದು ಇಲ್ಲಿ. ನೀವು ಪ್ರೋಗ್ರಾಂನಲ್ಲಿ ಬರೆದ 600000 ಸರ್ವರ್‌ಗೆ ತಲುಪಿಯೇ ಇಲ್ಲ. ಸರ್ವರ್ ತಾನು ಶುರುವಾದಾಗ ಓದಿಕೊಂಡ 60000ವನ್ನೇ ಪಾಲಿಸುತ್ತಾ, ಒಂದು ನಿಮಿಷಕ್ಕೆ ಸರಿಯಾಗಿ ಲೀಸ್ ಮುಗಿಸುತ್ತಿದೆ.

ಹಾಗಾದರೆ ಎಕ್ಸೆಪ್ಶನ್ ಏಕೆ ನಿಂತಿತು ಎಂಬುದಕ್ಕೆ ಕ್ಲೈಂಟ್ ಲೈಬ್ರರಿಯ ನಡವಳಿಕೆಯಲ್ಲಿ ಉತ್ತರವಿದೆ. ಮುಚ್ಚಿಹೋದ ಸ್ಕ್ಯಾನರ್ ಅನ್ನು ಕೇಳಿದಾಗ ಸರ್ವರ್ ಅನ್‌ನೋನ್‌ಸ್ಕ್ಯಾನರ್‌ಎಕ್ಸೆಪ್ಶನ್ ಕಳುಹಿಸುತ್ತದೆ. ಅದನ್ನು ಪಡೆದ ನಿಮ್ಮ ಆವೃತ್ತಿಯ ಕ್ಲೈಂಟ್ ತನ್ನ ಗಡಿಯಾರವನ್ನು ನೋಡಿಕೊಳ್ಳುತ್ತದೆ. ಹಿಂದಿನ ಕರೆಯಿಂದೀಚೆಗೆ ತನ್ನ ಮಿತಿಗಿಂತ ಹೆಚ್ಚು ಸಮಯ ಕಳೆದಿದ್ದರೆ ಸ್ಕ್ಯಾನರ್‌ಟೈಮ್‌ಔಟ್‌ಎಕ್ಸೆಪ್ಶನ್ ಎಸೆಯುತ್ತದೆ. ಕಳೆದಿಲ್ಲವಾದರೆ, ರೀಜನ್ ಬೇರೆ ಸರ್ವರ್‌ಗೆ ಸ್ಥಳಾಂತರವಾಗಿರಬೇಕೆಂದು ತೀರ್ಮಾನಿಸಿ, ಕೊನೆಗೆ ಕಂಡ ಸಾಲಿನ ನಂತರದಿಂದ ಹೊಸ ಸ್ಕ್ಯಾನರ್ ಅನ್ನು ಸದ್ದಿಲ್ಲದೆ ತೆರೆಯುತ್ತದೆ. ನೀವು ಕ್ಲೈಂಟ್‌ನ ಮಿತಿಯನ್ನು ಹತ್ತು ನಿಮಿಷಕ್ಕೆ ಏರಿಸಿದ್ದರಿಂದ ಈಗ ಪ್ರತಿ ಬಾರಿಯೂ ಎರಡನೆಯ ದಾರಿಯೇ ನಡೆಯುತ್ತಿದೆ. ಆದ್ದರಿಂದ ಸಾಲುಗಳು ಬಿಟ್ಟುಹೋಗುತ್ತಿಲ್ಲ, ಎರಡು ಸಲ ಬರುತ್ತಲೂ ಇಲ್ಲ. ಆ ವಿಷಯದಲ್ಲಿ ನಿಶ್ಚಿಂತರಾಗಿರಿ. ಆದರೆ ಇದನ್ನು ಪರಿಹಾರವೆಂದು ಒಪ್ಪಿಕೊಳ್ಳಬೇಡಿ. ನಾಳೆ ನಿಜವಾಗಿಯೂ ರೀಜನ್ ಸ್ಥಳಾಂತರವಾಗುತ್ತಿದ್ದರೆ ಅಥವಾ ಸರ್ವರ್ ನರಳುತ್ತಿದ್ದರೆ, ಆ ಸುಳಿವು ಈ ಲಾಗ್ ಸಾಲುಗಳ ರಾಶಿಯಲ್ಲಿ ಹೂತುಹೋಗುತ್ತದೆ.

ನಿಜವಾದ ಪರಿಹಾರ ಒಂದು ಕಂತಿನಲ್ಲಿ ಬರುವ ಸಾಲುಗಳ ಸಂಖ್ಯೆಯನ್ನು ಇಳಿಸುವುದು. 1.1ರಲ್ಲಿ ಸ್ಕ್ಯಾನರ್ ಕ್ಯಾಷಿಂಗ್‌ನ ಮೂಲ ಮೌಲ್ಯ 2147483647, ಅಂದರೆ ಸಾಲುಗಳ ಲೆಕ್ಕದಲ್ಲಿ ಮಿತಿಯೇ ಇಲ್ಲ. ಬದಲಿಗೆ ಒಂದು ಕಂತು ಸುಮಾರು 2 ಎಂಬಿ ಆದಾಗ ನಿಲ್ಲುತ್ತದೆ. ವೇಗವಾಗಿ ಓದಿ ಬಿಸಾಡುವ ಪ್ರೋಗ್ರಾಂಗಳಿಗೆ ಇದು ಒಳ್ಳೆಯ ವ್ಯವಸ್ಥೆ. ಆದರೆ ಸಾಲುಗಳು ಚಿಕ್ಕವಾಗಿದ್ದಾಗ 2 ಎಂಬಿಯಲ್ಲಿ ಸಾವಿರಾರು ಸಾಲುಗಳು ತುಂಬಿಬರುತ್ತವೆ. ಅವಷ್ಟನ್ನೂ ನಿಮ್ಮ ಕೋಡ್ ಮುಗಿಸುವವರೆಗೆ ಸರ್ವರ್‌ಗೆ ಯಾವ ಕರೆಯೂ ಹೋಗುವುದಿಲ್ಲ. ನೀವು ಒಂದೊಂದೇ ಸಾಲಿಗೆ ನೆಕ್ಸ್ಟ್ ಎನ್ನುತ್ತಿದ್ದರೂ, ಅದು ಕ್ಲೈಂಟ್‌ನ ಮೆಮೊರಿಯಲ್ಲಿರುವ ಕಂತಿನಿಂದಲೇ ಬರುತ್ತಿರುತ್ತದೆ ಎಂಬುದನ್ನು ಗಮನಿಸಿ. ಒಂದು ಸಾಲಿಗೆ 15 ಮಿಲಿಸೆಕೆಂಡ್ ಹಿಡಿದರೆ 4000 ಸಾಲುಗಳಿಗೇ ಒಂದು ನಿಮಿಷ ಮುಗಿದುಹೋಗುತ್ತದೆ.

ಸೆಟ್‌ಕ್ಯಾಷಿಂಗ್ ಮೂಲಕ 500 ಎಂದು ಇಟ್ಟರೆ ಅದೇ ವೇಗದಲ್ಲಿ ಒಂದು ಕಂತು 7.5 ಸೆಕೆಂಡ್‌ನಲ್ಲಿ ಮುಗಿಯುತ್ತದೆ. ಆದರೆ ಲೆಕ್ಕವನ್ನು ಸರಾಸರಿಯ ಮೇಲೆ ಹಾಕಬೇಡಿ. ಹೊರಗಿನ ಸೇವೆ ಅತಿ ನಿಧಾನವಾದ ಹೊತ್ತಿನಲ್ಲಿ ಸಾಲಿಗೆ 100 ಮಿಲಿಸೆಕೆಂಡ್ ಹಿಡಿದರೂ 500 ಸಾಲುಗಳಿಗೆ 50 ಸೆಕೆಂಡ್. ಆಗಲೂ ಲೀಸ್ ಉಳಿಯುತ್ತದೆ. ಕಂತು ಚಿಕ್ಕದಾದರೆ ನೆಟ್‌ವರ್ಕ್ ಕರೆಗಳು ಹೆಚ್ಚಿ ನಿಧಾನವಾಗುತ್ತದೆಂಬ ಭಯ ಬೇಡ. ಹತ್ತು ಲಕ್ಷ ಸಾಲುಗಳಿಗೆ 2000 ಕರೆಗಳಾಗುತ್ತವೆ. ಒಂದು ಕರೆಗೆ 10 ಮಿಲಿಸೆಕೆಂಡ್ ಎಂದು ಹಿಡಿದರೂ ಅದು 20 ಸೆಕೆಂಡ್. ಅದೇ ಹತ್ತು ಲಕ್ಷ ಸಾಲುಗಳ ಮೇಲಿನ ನಿಮ್ಮ ಕೆಲಸಕ್ಕೆ 15000 ಸೆಕೆಂಡ್, ಅಂದರೆ ನಾಲ್ಕು ಗಂಟೆಗೂ ಹೆಚ್ಚು. ಆ ನಾಲ್ಕು ಗಂಟೆಯ ಮುಂದೆ 20 ಸೆಕೆಂಡ್ ಯಾವ ಲೆಕ್ಕಕ್ಕೂ ಇಲ್ಲ.

ಎರಡನೆಯ ಪ್ರೋಗ್ರಾಂ ಬಗ್ಗೆ ಹೇಳುವ ಮೊದಲು ಒಂದು ವಿವರ ಬೇಕು. ಅದು ಬಳಸುತ್ತಿರುವ ಎಚ್‌ಬೇಸ್ ಕ್ಲೈಂಟ್ ಲೈಬ್ರರಿಯ ಆವೃತ್ತಿ ಯಾವುದು? ಸರ್ವರ್‌ನದಲ್ಲ, ಪ್ರೋಗ್ರಾಂ ಜೊತೆ ಇರುವ ಜಾರ್ ಫೈಲ್‌ನದು.

ಸಾಲುಸರಣಿ:

ವಿವರವಾದ ಉತ್ತರಕ್ಕೆ ಧನ್ಯವಾದಗಳು. ವರದಿ ಪ್ರೋಗ್ರಾಂ ಜೊತೆಗಿರುವುದು 0.98ರ ಲೈಬ್ರರಿ. ಸರ್ವರ್‌ಗಳನ್ನು 1.1ಕ್ಕೆ ಏರಿಸಿದಾಗ ಅದು ಹಾಗೆಯೇ ಕೆಲಸ ಮಾಡುತ್ತಿದ್ದುದರಿಂದ ಬದಲಿಸಿರಲಿಲ್ಲ. ಮೊದಲ ಪ್ರೋಗ್ರಾಂನಲ್ಲಿ ಓದುವುದಕ್ಕೆ ಒಂದು ಥ್ರೆಡ್, ಸೇವೆಯನ್ನು ಕರೆಯುವುದಕ್ಕೆ ಹಲವು ಥ್ರೆಡ್‌ಗಳನ್ನಿಟ್ಟು, ನಡುವೆ ಮಿತಿಯುಳ್ಳ ಒಂದು ಕ್ಯೂ ಹಾಕಿದರೆ ಲೀಸ್ ಸಮಸ್ಯೆ ತಪ್ಪುತ್ತದೆಯೇ ಎಂಬುದನ್ನೂ ತಿಳಿಸಬೇಕೆಂದು ಕೋರುತ್ತೇನೆ.

ಬೈಟ್‌ಬಳ್ಳಿ:

0.98 ಎಂದ ಕೂಡಲೇ ಎರಡನೆಯ ಸಮಸ್ಯೆಯ ಬೇರು ಸಿಕ್ಕಿತು. ಅದನ್ನು ನಾನು ವಿವರಿಸುತ್ತೇನೆ. ಕ್ಯೂ ಬಗ್ಗೆ ಕೊನೆಯಲ್ಲಿ.

ಫಿಲ್ಟರ್ ಹಾಕಿದ ಸ್ಕ್ಯಾನ್‌ನಲ್ಲಿ ಸರ್ವರ್ ಓದುವ ಸಾಲುಗಳು ಲಕ್ಷಾಂತರ, ಕಳುಹಿಸುವ ಸಾಲುಗಳು ಕೆಲವೇ. ಒಂದು ಕಂತು ತುಂಬಬೇಕಾದರೆ ಸಾಕಷ್ಟು ಸಾಲುಗಳು ಹೊಂದಿಕೆಯಾಗಬೇಕು. ಹೊಂದಿಕೆಯಾಗುವ ಸಾಲು ಅಪರೂಪವಾದರೆ ಒಂದೇ ನೆಕ್ಸ್ಟ್ ಕರೆಯಲ್ಲಿ ಇಡೀ ರೀಜನ್ ಅನ್ನೇ ಓದಿ ಮುಗಿಸಬೇಕಾಗಬಹುದು. ರೀಜನ್‌ನ ಗರಿಷ್ಠ ಗಾತ್ರದ ಮೂಲ ಮೌಲ್ಯ 10 ಜಿಬಿ. ಅಷ್ಟನ್ನು ಡಿಸ್ಕ್‌ನಿಂದ ಓದಿ, ಒಂದೊಂದೇ ಸೆಲ್ ಹೋಲಿಸಿ ಮುಗಿಸಲು ಒಂದು ನಿಮಿಷ ಸಾಲದೇ ಹೋಗುವುದು ಸಹಜ. ಅಷ್ಟರಲ್ಲಿ ಕ್ಲೈಂಟ್‌ನ ಆರ್‌ಪಿಸಿ (ಸರ್ವರ್‌ಗೆ ಹೋಗುವ ಒಂದು ಕರೆ) ಟೈಮ್‌ಔಟ್ ಆಗುತ್ತದೆ, ಅದರ ಮೂಲ ಮೌಲ್ಯವೂ 60000. ಉತ್ತರ ಬರಲಿಲ್ಲವೆಂದು ಕ್ಲೈಂಟ್ ಅದೇ ಕರೆಯನ್ನು ಅದೇ ಕ್ರಮಸಂಖ್ಯೆಯೊಂದಿಗೆ ಮತ್ತೆ ಕಳುಹಿಸುತ್ತದೆ. ಸರ್ವರ್ ಮಾತ್ರ ಮೊದಲ ಕರೆಯನ್ನು ಸ್ವೀಕರಿಸಿ ತನ್ನ ಸಂಖ್ಯೆಯನ್ನು ಮುಂದಕ್ಕೆ ಹಾಕಿಬಿಟ್ಟಿದೆ. ಈಗ 0 ಎಂಬ ಸಂಖ್ಯೆಯ ಕರೆ ಮತ್ತೆ ಬಂದರೆ, ಮೊದಲ ಕಂತು ಕ್ಲೈಂಟ್‌ಗೆ ತಲುಪಿತೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು. ಮುಂದಿನ ಕಂತು ಕೊಟ್ಟರೆ ನಡುವಿನದು ಕಳೆದುಹೋಗಬಹುದು. ಹಾಗಾಗಿ ಕೊಡಲು ನಿರಾಕರಿಸುತ್ತದೆ. ನಿಮಗೆ ಕಂಡ ಎಕ್ಸೆಪ್ಶನ್ ಈ ನಿರಾಕರಣೆಯೇ. ಅದು ದತ್ತಾಂಶವನ್ನು ಕಾಪಾಡಲು ಇಟ್ಟಿರುವ ಎಚ್ಚರಿಕೆಯೇ ಹೊರತು ದೋಷವಲ್ಲ. ಕ್ಲೈಂಟ್ ಒಮ್ಮೆ ಸ್ಕ್ಯಾನರ್ ಅನ್ನು ಹೊಸದಾಗಿ ತೆರೆದು ನೋಡುತ್ತದೆ, ಅಲ್ಲಿಯೂ ಅದೇ ದೂರ ಅದೇ ವೇಗದಲ್ಲಿ ಕ್ರಮಿಸಬೇಕಾದುದರಿಂದ ಮತ್ತೆ ಅಲ್ಲೇ ಬೀಳುತ್ತದೆ. ಟೈಮ್‌ಔಟ್ ಏರಿಸಿದಾಗ ಹೆಚ್ಚು ಹೊತ್ತು ಓಡಿ ಬಿದ್ದದ್ದಕ್ಕೂ ಇದೇ ಕಾರಣ: ಚಿಕ್ಕ ರೀಜನ್‌ಗಳು ಹೊಸ ಮಿತಿಯೊಳಗೆ ದಾಟಿದವು, ದೊಡ್ಡದು ದಾಟಲಿಲ್ಲ.

ಎಚ್‌ಬೇಸ್ 1.1ರಲ್ಲಿ ಇದಕ್ಕೆಂದೇ ಸ್ಕ್ಯಾನ್ ಹಾರ್ಟ್‌ಬೀಟ್ ಬಂದಿದೆ. ಸರ್ವರ್ ಸ್ಕ್ಯಾನರ್ ಟೈಮ್‌ಔಟ್ ಮತ್ತು ಆರ್‌ಪಿಸಿ ಟೈಮ್‌ಔಟ್ ಇವೆರಡರಲ್ಲಿ ಚಿಕ್ಕದನ್ನು ತೆಗೆದುಕೊಂಡು, ಅದರ ಅರ್ಧದಷ್ಟು ಸಮಯ ಕಳೆದಾಗ, ಒಂದು ಸಾಲೂ ಸಿಗದಿದ್ದರೂ ಸರಿ, ಕೆಲಸ ನಡೆಯುತ್ತಿದೆ ಎಂಬ ಖಾಲಿ ಉತ್ತರವನ್ನು ಕಳುಹಿಸುತ್ತದೆ. ಮೂಲ ಮೌಲ್ಯಗಳಲ್ಲಿ ಅದು 30 ಸೆಕೆಂಡ್. ಕ್ಲೈಂಟ್ ಕೂಡಲೇ ಮುಂದಿನ ಕರೆ ಕಳುಹಿಸುತ್ತದೆ, ಲೀಸ್ ಹೊಸದಾಗುತ್ತದೆ, ಪ್ರೋಗ್ರಾಂಗೆ ಇದಾವುದೂ ಕಾಣುವುದಿಲ್ಲ. ಆದರೆ ತನಗೆ ಹಾರ್ಟ್‌ಬೀಟ್ ಅರ್ಥವಾಗುತ್ತದೆಂದು ಕ್ಲೈಂಟ್ ತನ್ನ ಕೋರಿಕೆಯಲ್ಲಿ ಹೇಳಿದಾಗ ಮಾತ್ರ ಸರ್ವರ್ ಹಾಗೆ ಮಾಡುತ್ತದೆ. 0.98ರ ಲೈಬ್ರರಿಗೆ ಅದರ ಅರಿವೇ ಇಲ್ಲ. ಆದ್ದರಿಂದ ನಿಮ್ಮ ಸರ್ವರ್‌ನಲ್ಲಿ ಸೌಲಭ್ಯವಿದ್ದೂ ಈ ಪ್ರೋಗ್ರಾಂಗೆ ಅದು ದಕ್ಕುತ್ತಿಲ್ಲ. ಲೈಬ್ರರಿಯನ್ನು ಸರ್ವರ್‌ನ ಆವೃತ್ತಿಗೆ ಏರಿಸಿ, ಟೈಮ್‌ಔಟ್‌ಗಳನ್ನು ಮೂಲ ಮೌಲ್ಯಕ್ಕೆ ಮರಳಿಸಿ ಓಡಿಸಿ ನೋಡಿ.

ಇದಲ್ಲದೆ ಫಿಲ್ಟರ್ ಬಗ್ಗೆ ಒಂದು ಮಾತು. ಫಿಲ್ಟರ್ ಓದುವಿಕೆಯನ್ನು ಕಡಿಮೆ ಮಾಡುತ್ತದೆಂದು ಬಹಳ ಜನ ತಿಳಿದಿದ್ದಾರೆ. ಮೌಲ್ಯವನ್ನು ಹೋಲಿಸುವ ಫಿಲ್ಟರ್ ಕಡಿಮೆ ಮಾಡುವುದು ನೆಟ್‌ವರ್ಕ್‌ನಲ್ಲಿ ಸಾಗುವ ದತ್ತಾಂಶವನ್ನು ಮಾತ್ರ. ಡಿಸ್ಕ್‌ನಿಂದ ಓದುವುದು ಅಷ್ಟೂ ಉಳಿಯುತ್ತದೆ. ಓದುವಿಕೆ ಕಡಿಮೆಯಾಗಬೇಕಾದರೆ ಆರಂಭದ ಮತ್ತು ಅಂತ್ಯದ ಸಾಲಿನ ಕೀಗಳನ್ನು ಕೊಡಬೇಕು, ಬೇಕಾದ ಕಾಲಂ ಫ್ಯಾಮಿಲಿಯನ್ನು (ಒಟ್ಟಿಗೆ ಇಡುವ ಕಾಲಂಗಳ ಗುಂಪನ್ನು) ಮಾತ್ರ ಹೆಸರಿಸಬೇಕು, ಸಾಧ್ಯವಾದರೆ ದತ್ತಾಂಶ ಬರೆದ ಕಾಲದ ವ್ಯಾಪ್ತಿಯನ್ನೂ ಕೊಡಬೇಕು. ಪ್ರಿಫಿಕ್ಸ್‌ಫಿಲ್ಟರ್ ಕೂಡ ಆರಂಭದ ಕೀ ಇಲ್ಲದಿದ್ದರೆ ಟೇಬಲ್‌ನ ಮೊದಲ ಸಾಲಿನಿಂದಲೇ ಓದಲು ತೊಡಗುತ್ತದೆ. ಪೂರ್ಣ ಸ್ಕ್ಯಾನ್ ಅನಿವಾರ್ಯವೇ ಆದರೆ ಸೆಟ್‌ಕ್ಯಾಷ್‌ಬ್ಲಾಕ್ಸ್ ಅನ್ನು ಫಾಲ್ಸ್ ಮಾಡಿ. ಮತ್ತೆ ಬೇಕಾಗದ ಬ್ಲಾಕ್‌ಗಳು ಕ್ಯಾಷ್‌ಗೆ ನುಗ್ಗಿ, ಬೇರೆಯವರ ಚಿಕ್ಕ ಓದುಗಳಿಗೆ ಉಪಯುಕ್ತವಾಗಿದ್ದ ಬ್ಲಾಕ್‌ಗಳನ್ನು ಹೊರದೂಡುವುದು ತಪ್ಪುತ್ತದೆ.

ಇನ್ನು ಕ್ಯೂ. ಮಿತಿಯುಳ್ಳ ಕ್ಯೂ ಹಾಕುವುದರಿಂದ ಮಾತ್ರವೇ ಲೀಸ್ ಉಳಿಯುವುದಿಲ್ಲ. ಸೇವೆಯನ್ನು ಕರೆಯುವ ಥ್ರೆಡ್‌ಗಳ ಒಟ್ಟು ವೇಗ ಓದುವ ವೇಗಕ್ಕಿಂತ ಕಡಿಮೆಯಿದ್ದರೆ ಕ್ಯೂ ತುಂಬುತ್ತದೆ, ಓದುವ ಥ್ರೆಡ್ ಅದರ ಬಾಯಲ್ಲಿ ನಿಂತು ಕಾಯುತ್ತದೆ, ಕಾಯುವ ಹೊತ್ತಿನಲ್ಲಿ ಲೀಸ್ ಸವೆಯುತ್ತದೆ. ಮಿತಿಯಿಲ್ಲದ ಕ್ಯೂ ಹಾಕಿದರೆ ಮೆಮೊರಿ ಮುಗಿಯುತ್ತದೆ. ಹಲವು ಥ್ರೆಡ್‌ಗಳಿಂದ ಒಟ್ಟು ವೇಗ ಹೆಚ್ಚುವುದು ನಿಜ, ಅದಕ್ಕಾಗಿ ಖಂಡಿತ ಮಾಡಿ. ಆದರೆ ಕ್ಯಾಷಿಂಗ್ ಸಂಖ್ಯೆಯನ್ನು ಕಡತಪಾಲಕ ಅವರು ಹೇಳಿದಂತೆ ಇಳಿಸಿಯೇ ಮಾಡಿ.

ಸೇವೆ ಆಗಾಗ ನಿಮಿಷಗಟ್ಟಲೆ ನಿಂತುಹೋಗುವಂಥದ್ದಾದರೆ ಇನ್ನೂ ಸರಳವಾದ ಉಪಾಯವಿದೆ. ಒಂದು ಕಂತನ್ನು ಓದಿ, ಸ್ಕ್ಯಾನರ್ ಅನ್ನು ನೀವೇ ಮುಚ್ಚಿ, ಕಂತನ್ನು ನಿಧಾನವಾಗಿ ಮುಗಿಸಿ, ಕೊನೆಯ ಸಾಲಿನ ಕೀಗೆ ಒಂದು ಸೊನ್ನೆ ಬೈಟ್ ಸೇರಿಸಿ ಅಲ್ಲಿಂದ ಹೊಸ ಸ್ಕ್ಯಾನ್ ತೆರೆಯಿರಿ. ಸೊನ್ನೆ ಬೈಟ್ ಸೇರಿಸಿದ ಕೀ ಆ ಸಾಲಿನ ನಂತರ ಬರಬಹುದಾದ ಅತಿ ಚಿಕ್ಕ ಕೀ ಆಗಿರುವುದರಿಂದ ಯಾವ ಸಾಲೂ ತಪ್ಪುವುದಿಲ್ಲ. ಹೀಗೆ ಮುಚ್ಚಿ ತೆರೆಯುವುದರಿಂದ ಸ್ಥಿರತೆ ಕಳೆದುಕೊಳ್ಳುತ್ತೇವೆಂಬ ಆಕ್ಷೇಪ ಸಾಮಾನ್ಯವಾಗಿ ಬರುತ್ತದೆ. ಎಚ್‌ಬೇಸ್‌ನ ಸ್ಕ್ಯಾನ್ ಇಡೀ ಟೇಬಲ್‌ನ ಒಂದು ಕ್ಷಣದ ಚಿತ್ರವನ್ನು ಯಾವತ್ತೂ ಕೊಡುವುದಿಲ್ಲ. ಅದು ಖಾತರಿ ಕೊಡುವುದು ಪ್ರತಿ ಸಾಲು ತನ್ನಷ್ಟಕ್ಕೆ ಸುಸಂಗತವಾಗಿರುತ್ತದೆ ಎಂಬುದನ್ನು ಮಾತ್ರ. ಆ ಖಾತರಿ ಇಲ್ಲಿಯೂ ಉಳಿಯುತ್ತದೆ.

ಅಲೆಥ್ರೆಡ್:

ವಿಷಯಾಂತರವಾದರೆ ಕ್ಷಮಿಸಿ. ನಾವು ಕೆಸಾಂಡ್ರಾ ಎಂಬ ಇನ್ನೊಂದು ಡೇಟಾಬೇಸ್ ಬಳಸುತ್ತೇವೆ, ಅಲ್ಲಿಯೂ ಪೂರ್ಣ ಟೇಬಲ್ ಓದುವಾಗ ಟೈಮ್‌ಔಟ್ ಆಗುತ್ತದೆ. ಮೇಲಿನ ಲೀಸ್ ವಿಚಾರ ಅಲ್ಲಿಗೂ ಅನ್ವಯಿಸುತ್ತದೆಯೇ?

ಬೈಟ್‌ಬಳ್ಳಿ:

ಲೀಸ್ ಅನ್ವಯಿಸುವುದಿಲ್ಲ. ಕೆಸಾಂಡ್ರಾದಲ್ಲಿ ಎಲ್ಲಿಯವರೆಗೆ ಓದಿದೆವೆಂಬ ಗುರುತು ಪೇಜಿಂಗ್ ಸ್ಟೇಟ್ ರೂಪದಲ್ಲಿ ಕ್ಲೈಂಟ್‌ನ ಬಳಿಯೇ ಇರುತ್ತದೆ. ಎರಡು ಪುಟಗಳ ನಡುವೆ ನೀವು ಎಷ್ಟು ಹೊತ್ತು ತೆಗೆದುಕೊಂಡರೂ ಸರ್ವರ್‌ನಲ್ಲಿ ಮುಗಿದುಹೋಗುವಂಥದ್ದೇನೂ ಇಲ್ಲ. ಅಲ್ಲಿ ತೊಂದರೆಯಾಗುವುದು ಒಂದು ಪುಟದ ಒಳಗೆ: ರೇಂಜ್ ಓದುವಿಕೆಗೆ ಸರ್ವರ್ ಕೊಡುವ ಕಾಲಾವಕಾಶದ ಮೂಲ ಮೌಲ್ಯ 10 ಸೆಕೆಂಡ್, ಜಾವಾ ಡ್ರೈವರ್‌ನ 4ನೇ ಸರಣಿಯಲ್ಲಿ ಡ್ರೈವರ್ ತಾನೇ ಕಾಯುವ ಅವಧಿಯ ಮೂಲ ಮೌಲ್ಯ 2 ಸೆಕೆಂಡ್. ಸರ್ವರ್‌ನದನ್ನು ಮಾತ್ರ ಏರಿಸಿ ಡ್ರೈವರ್‌ನದನ್ನು ಬಿಟ್ಟರೆ ಫಲವಿಲ್ಲ. ಅಳಿಸಿದ ಸಾಲುಗಳ ಟೂಂಬ್‌ಸ್ಟೋನ್‌ಗಳು (ಅಳಿಸಲಾಗಿದೆ ಎಂಬ ಗುರುತುಗಳು) ಹೆಚ್ಚಿದ್ದರೂ ಪುಟ ತಡವಾಗುತ್ತದೆ. ಒಂದು ಓದಿನಲ್ಲಿ ಅವು 100000 ದಾಟಿದರೆ ಮೂಲ ಸೆಟ್ಟಿಂಗ್‌ನಲ್ಲಿ ಆ ಕೋರಿಕೆಯನ್ನೇ ಸರ್ವರ್ ಕೈಬಿಡುತ್ತದೆ. ಪುಟದ ಗಾತ್ರವನ್ನು 5000ದಿಂದ ಇಳಿಸಿ, ಟೋಕನ್ ವ್ಯಾಪ್ತಿಯನ್ನು (ಕೀಗಳಿಂದ ಲೆಕ್ಕಹಾಕಿದ ಸಂಖ್ಯೆಗಳ ವ್ಯಾಪ್ತಿಯನ್ನು) ಚಿಕ್ಕ ತುಂಡುಗಳಾಗಿ ಒಡೆದು ಓದಿ. ಹೆಚ್ಚಿನ ವಿವರ ಬೇಕಾದರೆ ಬೇರೆ ಪ್ರಶ್ನೆಯಾಗಿ ಹಾಕಿ. ಇಲ್ಲಿ ಎಚ್‌ಬೇಸ್ ವಿಚಾರ ಮುಂದುವರಿಯಲಿ.

ದೂರದರ್ಶಿ_ಲಾಗ್:

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಹೇಳದೆ ಬಿಟ್ಟ ಒಂದು ಅಪಾಯದ ಬಗ್ಗೆ ಮಾತ್ರ ಬರೆಯುತ್ತೇನೆ. ಇಷ್ಟನ್ನು ಓದಿದ ಯಾರಾದರೂ, ಹಾಗಾದರೆ ಸರ್ವರ್‌ನಲ್ಲಿಯೂ 600000 ಎಂದು ಬರೆದು, ರೀಜನ್ ಸರ್ವರ್‌ಗಳನ್ನು ಒಂದೊಂದಾಗಿ ಮರುಪ್ರಾರಂಭಿಸಿಬಿಡೋಣ ಎಂದು ಯೋಚಿಸಬಹುದು. ಆ ಸೆಟ್ಟಿಂಗ್ ನಿಮ್ಮ ಒಂದು ಪ್ರೋಗ್ರಾಂಗೆ ಮಾತ್ರ ಸೇರಿದ್ದಲ್ಲ, ಆ ಕ್ಲಸ್ಟರ್ ಬಳಸುವ ಎಲ್ಲರಿಗೂ ಸೇರಿದ್ದು. ಯಾವುದೋ ಕ್ಲೈಂಟ್ ನಡುವೆ ಸತ್ತರೆ, ಅದು ತೆರೆದಿಟ್ಟ ಸ್ಕ್ಯಾನರ್ ಇನ್ನು ಮುಂದೆ ಒಂದು ನಿಮಿಷದ ಬದಲು ಹತ್ತು ನಿಮಿಷ ಸರ್ವರ್‌ನಲ್ಲಿ ಉಳಿಯುತ್ತದೆ. ತೆರೆದ ಸ್ಕ್ಯಾನರ್ ಮೆಮೊರಿಯನ್ನು ಹಿಡಿದಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದು ಆರಂಭವಾದ ಕ್ಷಣದ ರೀಡ್ ಪಾಯಿಂಟ್ ಅನ್ನು (ಎಲ್ಲಿಯವರೆಗಿನ ಬರಹ ತನಗೆ ಕಾಣಬೇಕೆಂಬ ಗುರುತನ್ನು) ಹಿಡಿದಿರುತ್ತದೆ. ಅದಕ್ಕೆ ಕಾಣಬೇಕಾದ ಹಳೆಯ ಸೆಲ್‌ಗಳನ್ನು ಕಂಪ್ಯಾಕ್ಷನ್ (ಫೈಲ್‌ಗಳನ್ನು ಒಗ್ಗೂಡಿಸಿ ಮತ್ತೆ ಬರೆಯುವ ಕೆಲಸ) ಆ ಹೊತ್ತಿನಲ್ಲಿ ತೆಗೆದುಹಾಕುವಂತಿಲ್ಲ. ವಿಫಲವಾಗಿ ಮತ್ತೆ ಮತ್ತೆ ಪ್ರಯತ್ನಿಸುವ ಪ್ರೋಗ್ರಾಂ ಒಂದಿದ್ದರೆ ಇಂಥ ಅನಾಥ ಸ್ಕ್ಯಾನರ್‌ಗಳು ಬೇಗ ಗುಡ್ಡೆಯಾಗುತ್ತವೆ. ಸರ್ವರ್‌ನ ಅವಧಿಯನ್ನು ಏರಿಸಲೇಬೇಕೆಂದರೆ ಎರಡು ಮೂರು ನಿಮಿಷಕ್ಕೆ ನಿಲ್ಲಿಸಿ. ಆರ್‌ಪಿಸಿ ಟೈಮ್‌ಔಟ್ ಅನ್ನು ಅದಕ್ಕಿಂತ ಕಡಿಮೆಯಾಗದಂತೆ ಇಡಿ. ಇಲ್ಲವಾದರೆ ಬೈಟ್‌ಬಳ್ಳಿಯವರು ಹೇಳಿದ ಚಿಕ್ಕದನ್ನು ಆಯ್ದುಕೊಳ್ಳುವ ನಿಯಮದಿಂದಾಗಿ ಒಂದು ಕರೆಗೆ ಸಿಗುವ ಕಾಲ ಏರುವುದೇ ಇಲ್ಲ.

ಕಾರಣ ಸರ್ವರ್‌ನಲ್ಲಿದೆಯೋ ಕ್ಲೈಂಟ್‌ನಲ್ಲಿದೆಯೋ ಎಂದು ಊಹಿಸುವ ಬದಲು ನೋಡಿಯೇ ತಿಳಿಯಬಹುದು. ರೀಜನ್ ಸರ್ವರ್ ಲಾಗ್‌ನಲ್ಲಿ ರೆಸ್ಪಾನ್ಸ್‌ಟೂಸ್ಲೋ ಎಂಬ ಎಚ್ಚರಿಕೆ ಹುಡುಕಿ. ಮೂಲ ಸೆಟ್ಟಿಂಗ್‌ನಲ್ಲಿ 10 ಸೆಕೆಂಡ್ ಮೀರಿದ ಪ್ರತಿ ಕರೆಯೂ ಅಲ್ಲಿ ದಾಖಲಾಗುತ್ತದೆ. ಕರೆ ಸರದಿಯಲ್ಲಿ ಕಾದ ಸಮಯ ಮತ್ತು ಕೆಲಸ ನಡೆದ ಸಮಯ ಬೇರೆ ಬೇರೆಯಾಗಿ ಬರೆದಿರುತ್ತವೆ. ಕೆಲಸದ ಸಮಯ ಹೆಚ್ಚಿದ್ದರೆ ಡಿಸ್ಕ್, ಫಿಲ್ಟರ್, ರೀಜನ್‌ನ ಗಾತ್ರ ಇವುಗಳ ಕಡೆ ನೋಡಿ. ಸರದಿಯ ಸಮಯ ಹೆಚ್ಚಿದ್ದರೆ ಹ್ಯಾಂಡ್ಲರ್‌ಗಳೆಲ್ಲ (ಕರೆಗಳನ್ನು ನಡೆಸುವ ಥ್ರೆಡ್‌ಗಳು) ತುಂಬಿಕೊಂಡಿವೆ ಎಂದರ್ಥ. ಅವುಗಳ ಮೂಲ ಸಂಖ್ಯೆ 30 ಮಾತ್ರ, ಸಮಾನಾಂತರ ಸ್ಕ್ಯಾನ್‌ಗಳನ್ನು ಒಮ್ಮೆಗೇ ಹರಿಬಿಟ್ಟಾಗ ಅವು ಸಾಲುವುದಿಲ್ಲ. ಈ ಎಚ್ಚರಿಕೆಯೇ ಇಲ್ಲದೆ ಲೀಸ್ ಮುಗಿದ ಸಾಲುಗಳು ಮಾತ್ರ ಇದ್ದರೆ ತಡವಾಗುತ್ತಿರುವುದು ಕ್ಲೈಂಟ್‌ನಲ್ಲಿ. ಲಾಗ್‌ನಲ್ಲಿ ಜೆವಿಎಂ ಇಷ್ಟು ಹೊತ್ತು ನಿಂತಿತ್ತು ಎಂಬ ಸಂದೇಶಗಳಿದ್ದರೆ ಗಾರ್ಬೇಜ್ ಕಲೆಕ್ಷನ್ (ಬಳಕೆಯಲ್ಲಿಲ್ಲದ ಮೆಮೊರಿಯನ್ನು ತೆರವುಗೊಳಿಸುವ ಕೆಲಸ) ಬಗ್ಗೆ ಮೊದಲು ಗಮನ ಕೊಡಿ. ಆ ವಿರಾಮ, ಸರ್ವರ್‌ಗಳು ಬದುಕಿವೆಯೇ ಎಂದು ಗಮನಿಸುವ ಜೂಕೀಪರ್ ಸೆಷನ್‌ನ ಅವಧಿಯನ್ನು, ಮೂಲ ಮೌಲ್ಯದಲ್ಲಿ 90 ಸೆಕೆಂಡ್, ಮೀರಿದರೆ ಆ ಸರ್ವರನ್ನೇ ಸತ್ತಿದೆಯೆಂದು ಘೋಷಿಸಲಾಗುತ್ತದೆ.

ವರದಿ ಪ್ರೋಗ್ರಾಂ ಅನ್ನು ಮುಂದೆ ಮ್ಯಾಪ್‌ರೆಡ್ಯೂಸ್‌ಗೆ (ಕೆಲಸವನ್ನು ಹಲವು ಯಂತ್ರಗಳಿಗೆ ಹಂಚಿ ನಡೆಸುವ ವ್ಯವಸ್ಥೆಗೆ) ಒಯ್ಯುವ ಯೋಚನೆಯಿದ್ದರೆ ಅಲ್ಲಿ ಇನ್ನೊಂದು ಗಡಿಯಾರವಿದೆ. ಒಂದು ಟಾಸ್ಕ್ 600000 ಮಿಲಿಸೆಕೆಂಡ್‌ಗಳವರೆಗೆ ಏನನ್ನೂ ಓದದೆ, ಬರೆಯದೆ, ಸ್ಥಿತಿಯನ್ನೂ ತಿಳಿಸದೆ ಇದ್ದರೆ ಅದನ್ನು ಕೊಲ್ಲಲಾಗುತ್ತದೆ. ಹಾರ್ಟ್‌ಬೀಟ್ ಸ್ಕ್ಯಾನರ್ ಅನ್ನು ಜೀವಂತವಾಗಿಟ್ಟರೂ ಫಿಲ್ಟರ್ ದಾಟಿದ ಸಾಲೇ ಇಲ್ಲದಿದ್ದಾಗ ಮ್ಯಾಪ್ ಕರೆಯೇ ನಡೆಯುವುದಿಲ್ಲ. ನಿಮ್ಮ ಕೋಡ್‌ನಿಂದ ಪ್ರಗತಿ ತಿಳಿಸುವ ಅವಕಾಶವೇ ಬರುವುದಿಲ್ಲ. ಆ ಒಂದು ಜಾಬ್‌ಗೆ ಮಾತ್ರ ಮಿತಿಯನ್ನು ಏರಿಸುವುದು ಅಥವಾ ಒಂದು ರೀಜನ್ ಅನ್ನು ಹಲವು ಚಿಕ್ಕ ಕೀ ವ್ಯಾಪ್ತಿಗಳಾಗಿ ಹಂಚುವುದು ಅಲ್ಲಿನ ದಾರಿ.

ಸ್ವಲ್ಪ ಹಳೆಯ ದತ್ತಾಂಶವಾದರೂ ನಡೆಯುವ ವರದಿಯಾದರೆ ಈ ಟೈಮ್‌ಔಟ್‌ಗಳನ್ನೆಲ್ಲ ಬಿಟ್ಟು ಸ್ನ್ಯಾಪ್‌ಶಾಟ್ (ಟೇಬಲ್‌ನ ಆ ಹೊತ್ತಿನ ಸ್ಥಿತಿಯ ದಾಖಲೆ) ತೆಗೆದುಕೊಂಡು, ಟೇಬಲ್‌ಸ್ನ್ಯಾಪ್‌ಶಾಟ್‌ಇನ್‌ಪುಟ್‌ಫಾರ್ಮ್ಯಾಟ್ ಮೂಲಕ ಓದಿ. ಅದು ರೀಜನ್ ಸರ್ವರ್‌ಗಳನ್ನು ಮುಟ್ಟದೆ ಕೆಳಗಿನ ಫೈಲ್ ವ್ಯವಸ್ಥೆಯಾದ ಎಚ್‌ಡಿಎಫ್‌ಎಸ್‌ನಲ್ಲಿರುವ ಫೈಲ್‌ಗಳನ್ನು ನೇರವಾಗಿ ಓದುವುದರಿಂದ ಲೀಸ್ ಎಂಬುದೇ ಇರುವುದಿಲ್ಲ, ಬೇರೆ ಬಳಕೆದಾರರಿಗೂ ತೊಂದರೆಯಾಗುವುದಿಲ್ಲ. ಆದರೆ ಜಾಬ್ ಓಡಿಸುವ ಬಳಕೆದಾರನಿಗೆ ಆ ಫೈಲ್‌ಗಳನ್ನು ಓದುವ ಅನುಮತಿ ಬೇಕು, ಮತ್ತು ಎಚ್‌ಬೇಸ್‌ನಲ್ಲಿ ನೀವು ಹಾಕಿರುವ ಪ್ರವೇಶ ನಿಯಮಗಳು ಆ ದಾರಿಯಲ್ಲಿ ಅನ್ವಯಿಸುವುದಿಲ್ಲ. ಸೂಕ್ಷ್ಮ ದತ್ತಾಂಶವಿದ್ದರೆ ಈ ನಿರ್ಧಾರವನ್ನು ಕ್ಲಸ್ಟರ್‌ನ ಜವಾಬ್ದಾರಿ ಹೊತ್ತವರೊಂದಿಗೆ ಕೂತು ತೆಗೆದುಕೊಳ್ಳಬೇಕು.

ಸಾಲುಸರಣಿ:

ಎಲ್ಲರ ಸಲಹೆಗಳನ್ನೂ ಅನುಸರಿಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ಮೊದಲ ಪ್ರೋಗ್ರಾಂನಲ್ಲಿ ಟೈಮ್‌ಔಟ್ ಅನ್ನು ಮೂಲ ಮೌಲ್ಯಕ್ಕೆ ಮರಳಿಸಿ, ಕ್ಯಾಷಿಂಗ್ ಅನ್ನು 500ಕ್ಕೆ ಇಟ್ಟು, ಸೇವೆಯ ಕರೆಗಳನ್ನು ಹಲವು ಥ್ರೆಡ್‌ಗಳಿಗೆ ಹಂಚಿದ ನಂತರ ಪ್ರೋಗ್ರಾಂ ಪೂರ್ಣವಾಗಿ ಓಡಿತು. ಲೀಸ್ ಮುಗಿದ ಸಾಲುಗಳು ಲಾಗ್‌ನಿಂದ ಮಾಯವಾಗಿವೆ. ವರದಿ ಪ್ರೋಗ್ರಾಂಗೆ ಹೊಸ ಲೈಬ್ರರಿ ಹಾಕಿದ ಮೇಲೆ ಅದೂ ಬೀಳದೆ ಮುಗಿಯುತ್ತಿದೆ.

ಒಂದು ಸಂಗತಿ ಮಾತ್ರ ಉಳಿದಿದೆ. ರೆಸ್ಪಾನ್ಸ್‌ಟೂಸ್ಲೋ ಎಚ್ಚರಿಕೆಗಳನ್ನು ಹುಡುಕಿದಾಗ, ಹೆಚ್ಚುಕಡಿಮೆ ಎಲ್ಲವೂ ಬೆರಳೆಣಿಕೆಯ ಕೆಲವು ರೀಜನ್‌ಗಳಿಗೇ ಸೇರಿವೆ. ಸರದಿಯ ಸಮಯ ಅಲ್ಲಿ ಅತ್ಯಲ್ಪ, ಕೆಲಸದ ಸಮಯ ಮಾತ್ರ ಪ್ರತಿ ಸಲವೂ 30 ಸೆಕೆಂಡ್‌ಗೆ ಹತ್ತಿರ. ಅವುಗಳ ಗಾತ್ರ ಉಳಿದ ರೀಜನ್‌ಗಳಷ್ಟೇ ಇದೆ, ಆದರೆ ಫಿಲ್ಟರ್ ಇಲ್ಲದೆ ಓದಿದರೂ ಅಲ್ಲಿಂದ ಬರುವ ಸಾಲುಗಳು ತೀರಾ ಕಡಿಮೆ. ಆ ಕೀ ವ್ಯಾಪ್ತಿಯಲ್ಲಿದ್ದ ಹಳೆಯ ದಾಖಲೆಗಳನ್ನು ಇತ್ತೀಚೆಗೆ ಸಾಮೂಹಿಕವಾಗಿ ಅಳಿಸಲಾಗಿದೆ. ಅಳಿಸಿದ ಮೇಲೂ ಅವು ಸ್ಕ್ಯಾನ್ ಅನ್ನು ನಿಧಾನಗೊಳಿಸುತ್ತಿರಬಹುದೇ?

ಕಡತಪಾಲಕ:

ಹೌದು, ನೀವು ಕೊಟ್ಟ ಮೂರೂ ಲಕ್ಷಣಗಳು ಅದನ್ನೇ ಸೂಚಿಸುತ್ತವೆ. ಎಚ್‌ಬೇಸ್‌ನಲ್ಲಿ ಅಳಿಸುವುದೆಂದರೆ ಅಳಿಸಲಾಗಿದೆ ಎಂಬ ಗುರುತನ್ನು ಬರೆಯುವುದು ಮಾತ್ರ; ಹಳೆಯ ಸೆಲ್‌ಗಳೂ ಆ ಗುರುತುಗಳೂ ಮೇಜರ್ ಕಂಪ್ಯಾಕ್ಷನ್ ನಡೆಯುವವರೆಗೆ ಫೈಲ್‌ಗಳಲ್ಲಿ ಇರುತ್ತವೆ. ಸ್ಕ್ಯಾನ್ ಅವುಗಳನ್ನು ಓದಿ, ಹೋಲಿಸಿ, ಬಿಟ್ಟು ಮುಂದೆ ಹೋಗಬೇಕು. ಗಾತ್ರ ಇಳಿಯದೆ ಇರುವುದಕ್ಕೂ, ಸಾಲುಗಳು ಬಾರದೆ ಸಮಯ ಮಾತ್ರ ಕಳೆಯುವುದಕ್ಕೂ ಇದೇ ಕಾರಣ. 30 ಸೆಕೆಂಡ್‌ಗೆ ಕರೆ ಮುಗಿಯುತ್ತಿರುವುದು ಹಾರ್ಟ್‌ಬೀಟ್ ತನ್ನ ಕೆಲಸ ಮಾಡುತ್ತಿದೆ ಎಂಬುದರ ಗುರುತು, 0.98ರ ಲೈಬ್ರರಿ ಇದೇ ರೀಜನ್‌ಗಳಲ್ಲಿ ಬೀಳುತ್ತಿದ್ದಿರಬೇಕು.

ಮೇಜರ್ ಕಂಪ್ಯಾಕ್ಷನ್ ಮೂಲ ಸೆಟ್ಟಿಂಗ್‌ನಲ್ಲಿ ಏಳು ದಿನಕ್ಕೊಮ್ಮೆ ತಾನಾಗಿ ನಡೆಯುತ್ತದೆ. ಆದರೆ ದಟ್ಟಣೆಯ ಹೊತ್ತಿನಲ್ಲಿ ಅದು ಬೇಡವೆಂದು ಆ ಮೌಲ್ಯವನ್ನು 0 ಮಾಡಿ ನಿಲ್ಲಿಸಿಡುವುದು ದೊಡ್ಡ ಕ್ಲಸ್ಟರ್‌ಗಳಲ್ಲಿ ಸಾಮಾನ್ಯ ರೂಢಿ. ನಿಮ್ಮಲ್ಲಿ ಹೇಗಿದೆ ನೋಡಿಕೊಳ್ಳಿ. ಹಾಗಿದ್ದರೆ ಕೆಲಸ ಕಡಿಮೆಯಿರುವ ಹೊತ್ತಿನಲ್ಲಿ ಶೆಲ್‌ನ ಮೇಜರ್_ಕಂಪ್ಯಾಕ್ಟ್ ಆದೇಶಕ್ಕೆ ಇಡೀ ಟೇಬಲ್‌ನ ಹೆಸರನ್ನು ಕೊಡದೆ, ಆ ರೀಜನ್‌ಗಳ ಹೆಸರುಗಳನ್ನು ಒಂದೊಂದಾಗಿ ಕೊಡಿ. ಇಡೀ ಟೇಬಲ್‌ಗೆ ಕೊಟ್ಟರೆ ಎಲ್ಲ ಫೈಲ್‌ಗಳನ್ನೂ ಮತ್ತೆ ಬರೆಯುವ ಕೆಲಸ ಒಮ್ಮೆಗೇ ಶುರುವಾಗಿ, ಈಗ ಚೆನ್ನಾಗಿ ಓಡುತ್ತಿರುವ ಸ್ಕ್ಯಾನ್‌ಗಳೂ ತಡವಾಗುತ್ತವೆ. ಆದೇಶ ಕೊಟ್ಟ ಕೂಡಲೇ ಶೆಲ್ ಮರಳಿದರೂ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆ. ಮುಗಿಯಿತೇ ಎಂಬುದನ್ನು ರೀಜನ್ ಸರ್ವರ್‌ನ ವೆಬ್ ಪುಟದಲ್ಲಿ ನೋಡಿ, ಒಂದು ಮುಗಿದ ಮೇಲೆ ಮುಂದಿನದಕ್ಕೆ ಹೋಗಿ. ಕಾಲಂ ಫ್ಯಾಮಿಲಿಯಲ್ಲಿ ಕೀಪ್_ಡಿಲೀಟೆಡ್_ಸೆಲ್ಸ್ ಆನ್ ಆಗಿಲ್ಲವೆಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಆನ್ ಆಗಿದ್ದರೆ ಕಂಪ್ಯಾಕ್ಷನ್ ಆದ ಮೇಲೂ ಅಳಿಸಿದ ಸೆಲ್‌ಗಳು ಉಳಿಯುತ್ತವೆ.

ಈ ಬಗೆಯ ಸಾಮೂಹಿಕ ಅಳಿಸುವಿಕೆ ದಾಖಲೆಗಳು ಹಳೆಯದಾದವೆಂಬ ಒಂದೇ ಕಾರಣಕ್ಕೆ ಮತ್ತೆ ಮತ್ತೆ ನಡೆಯುವುದಾದರೆ, ಆ ಫ್ಯಾಮಿಲಿಗೆ ಟಿಟಿಎಲ್ (ಸೆಲ್‌ಗಳ ಆಯುಷ್ಯದ ಅವಧಿ) ನಿಗದಿಪಡಿಸುವುದನ್ನು ಯೋಚಿಸಿ. ಆಗ ಅವಧಿ ಮೀರಿದ ಸೆಲ್‌ಗಳಿಗೆ ಅಳಿಸುವ ಗುರುತು ಬರೆಯಬೇಕಾಗುವುದಿಲ್ಲ. ಒಂದು ಫೈಲ್‌ನಲ್ಲಿರುವ ಸೆಲ್‌ಗಳೆಲ್ಲವೂ ಅವಧಿ ಮೀರಿದ್ದರೆ ಸ್ಕ್ಯಾನ್ ಆ ಫೈಲ್ ಅನ್ನು ತೆರೆದು ಓದದೆಯೇ ಬಿಟ್ಟುಬಿಡಬಲ್ಲದು.